ಸ್ವಿಂಗ್ ತಿದ್ದುವ ಮುಂಚೆ ಚೆಂಡು ಎಲ್ಲಿದೆ ನೋಡಿ

ಗಾಲ್ಫಿನಲ್ಲಿ ಹೊಡೆತ ಬಲಕ್ಕೆ ತಿರುಗಿದರೆ ಗ್ರಿಪ್, ಅಂದರೆ ಕ್ಲಬ್ ಹಿಡಿಯುವ ರೀತಿ, ಬದಲಿಸುತ್ತಾರೆ. ಚೆಂಡಿಗಿಂತ ಮೊದಲು ನೆಲ ಸಿಕ್ಕಿದರೆ ತಲೆ ಎತ್ತಿಬಿಟ್ಟೆ ಅನ್ನುತ್ತಾರೆ. ಚೆಂಡು ಎಲ್ಲಿತ್ತು ಅಂತ ಕೇಳುವವರು ಕಡಿಮೆ. ನಾವು ಸ್ವಿಂಗಿನ (ಕ್ಲಬ್ ಬೀಸುವ ರೀತಿಯ) ದೋಷ ಅಂತ ಕರೆಯುವುದರಲ್ಲಿ ಹೆಚ್ಚಿನದು, ತಪ್ಪು ಜಾಗದಲ್ಲಿರುವ ಚೆಂಡನ್ನು ಹೇಗಾದರೂ ಮುಟ್ಟಲು ದೇಹ ಮಾಡಿಕೊಂಡ ಹೊಂದಾಣಿಕೆ. ಇದು ನನ್ನ ಗಟ್ಟಿ ಅಭಿಪ್ರಾಯ. (ಬಲಗೈ ಆಟಗಾರರ ಲೆಕ್ಕದಲ್ಲಿ ಬರೆದಿದ್ದೇನೆ, ಎಡಗೈಯವರು ಎಡ-ಬಲ ಅದಲುಬದಲು ಮಾಡಿ ಓದಿಕೊಳ್ಳಿ.)

ಓರೆಯಾಗಿ ನಿಲ್ಲಿಸಿದ ದೊಡ್ಡ ಚಕ್ರವೊಂದರ ಅಂಚಿನ ಮೇಲೆ ಕ್ಲಬ್ಬಿನ ಹೆಡ್ ಓಡುತ್ತದೆ ಅಂದುಕೊಳ್ಳಿ. ಮಧ್ಯಮ ದೂರದ ಕ್ಲಬ್ಬಾದ 7 ಐರನ್‌ಗೆ ಆ ಚಕ್ರ ನೆಲದಿಂದ ಸುಮಾರು 60 ಡಿಗ್ರಿ ಎದ್ದಿರುತ್ತದೆ, ಶಾಫ್ಟ್ (ಕ್ಲಬ್ಬಿನ ಕೋಲು) ಉದ್ದವಿರುವ, ಅತಿ ದೂರ ಹೊಡೆಯುವ ಡ್ರೈವರಿಗೆ 45ರಿಂದ 50. ಚಕ್ರದ ತಳ, ಅಂದರೆ ಲೋ ಪಾಯಿಂಟ್, ಹೆಚ್ಚುಕಡಿಮೆ ಎಡ ಭುಜದ ನೇರಕ್ಕೆ ಬರುತ್ತದೆ. ಚಕ್ರ ಓರೆಯಾಗಿರುವುದರಿಂದ, ತಳ ತಲುಪುವ ತನಕ ಕ್ಲಬ್ ಇಳಿಯುತ್ತಲೂ ಇರುತ್ತದೆ, ಗುರಿಯ ಬಲಕ್ಕೆ ಸಾಗುತ್ತಲೂ ಇರುತ್ತದೆ. ತಳ ದಾಟಿದ ಮೇಲೆ ಮೇಲೇರುತ್ತಾ ಎಡಕ್ಕೆ ಬಳಸುತ್ತದೆ. ಇದೊಂದು ಮನಸ್ಸಿಗೆ ಇಳಿದರೆ ಉಳಿದದ್ದು ಬರೀ ಲೆಕ್ಕ.

ಲೆಕ್ಕವನ್ನೇ ಮಾಡೋಣ. ನಿಯಮದ ಪ್ರಕಾರ ಚೆಂಡಿನ ವ್ಯಾಸ ಕನಿಷ್ಠ 42.67 ಮಿಲಿಮೀಟರ್. ಚಕ್ರದ ತ್ರಿಜ್ಯ 1.5 ಮೀಟರ್ ಅಂತಿಟ್ಟುಕೊಳ್ಳಿ. ಚೆಂಡನ್ನು ಬರೀ ಒಂದು ಚೆಂಡಿನಗಲ ಹಿಂದಕ್ಕೆ (ಗುರಿಯಿಂದ ದೂರಕ್ಕೆ, ಬಲಗಾಲಿನ ಕಡೆಗೆ) ಸರಿಸಿದರೆ, ತಾಗುವ ಕ್ಷಣದಲ್ಲಿ ಕ್ಲಬ್ ಸಾಗುವ ದಿಕ್ಕು ಸುಮಾರು 1.6 ಡಿಗ್ರಿ ಬದಲಾಗುತ್ತದೆ. 60 ಡಿಗ್ರಿ ಓರೆಯಲ್ಲಿ ಅದು ಹಂಚಿಹೋಗುವುದು ಹೀಗೆ: 1.4 ಡಿಗ್ರಿ ಹೆಚ್ಚು ಕೆಳಮುಖ, 0.8 ಡಿಗ್ರಿ ಹೆಚ್ಚು ಬಲಕ್ಕೆ. ಸ್ವಿಂಗ್ ಮಾತ್ರ ಕೂದಲೆಳೆಯಷ್ಟೂ ಬದಲಾಗಿಲ್ಲ! ಡ್ರೈವರಿನ 45 ಡಿಗ್ರಿಯಲ್ಲಿ ಎರಡೂ ಸಮ. ಚಕ್ರ ಗುರಿಯ ದಿಕ್ಕಿಗೇ ನೇರವಾಗಿದ್ದು ನೀವು 3 ಡಿಗ್ರಿ ಮೇಲ್ಮುಖವಾಗಿ ಹೊಡೆದರೆ, ಪಾತ್ (ಕ್ಲಬ್ ಸಾಗುವ ಎಡ-ಬಲ ದಿಕ್ಕು) 3 ಡಿಗ್ರಿ ಎಡಕ್ಕೆ ಹೋಗಿರುತ್ತದೆ. ನೇರ ಮಾಡಬೇಕೆಂದರೆ ಇಡೀ ಚಕ್ರವನ್ನು ಅಷ್ಟೇ ಬಲಕ್ಕೆ ತಿರುಗಿಸಿಕೊಳ್ಳಬೇಕು.

ಇನ್ನು ಫೇಸ್, ಅಂದರೆ ಚೆಂಡಿಗೆ ತಾಗುವ ಹೆಡ್ಡಿನ ಮುಖ. ಇಳಿಯುವಾಗ ಅದು ತೆರೆದ (ಬಲಕ್ಕೆ ಮುಖ ಮಾಡಿದ) ಸ್ಥಿತಿಯಿಂದ ಮುಚ್ಚುತ್ತಾ (ಎಡಕ್ಕೆ ತಿರುಗುತ್ತಾ) ಬರುತ್ತದೆ. ಚೆಂಡು ಹಿಂದಿದ್ದರೆ ಇನ್ನೂ ತೆರೆದಿರುವಾಗಲೇ ತಾಗುತ್ತದೆ, ಮುಂದಿದ್ದರೆ ಮುಚ್ಚಿದ ಮೇಲೆ. ಸೆಕೆಂಡಿಗೆ 35 ಮೀಟರ್ ವೇಗದಲ್ಲಿ ಒಂದು ಚೆಂಡಿನಗಲ ದಾಟಲು 1.2 ಮಿಲಿಸೆಕೆಂಡ್ ಸಾಕು, ಚೆಂಡು ಫೇಸಿನ ಮೇಲಿರುವುದೇ ಸುಮಾರು ಅರ್ಧ ಮಿಲಿಸೆಕೆಂಡ್. ಅಷ್ಟರಲ್ಲಿ ಕೈಯಿಂದ ತಿದ್ದುತ್ತೇನೆ ಅನ್ನುವುದು ಆಗದ ಮಾತು. ಚೆಂಡು ಹೊರಡುವ ದಿಕ್ಕಿನಲ್ಲಿ ಫೇಸಿನ ಪಾಲು ಐರನ್‌ಗಳಲ್ಲಿ ಸುಮಾರು 75 ಶೇಕಡಾ, ಡ್ರೈವರಿನಲ್ಲಿ 85. ಫೇಸಿನ ನಡುಭಾಗಕ್ಕೆ ತಾಗಿದ ಹೊಡೆತದಲ್ಲಿ, ಫೇಸ್ ಮತ್ತು ಪಾತ್ ನಡುವಿನ ಅಂತರವೇ ತಿರುವು.

ಹಾಗಾಗಿ ಚೆಂಡು ಬಲಕ್ಕೆ ಬಾಗುವ ಹೊಡೆತಕ್ಕೆ, ಅಂದರೆ ಸ್ಲೈಸಿಗೆ, "ಸ್ಲೈಸ್ ಆಗ್ತಿದ್ಯಾ, ಚೆಂಡು ಹಿಂದಿಡಿ" ಅನ್ನುವ ಸಲಹೆ ಅರ್ಧ ಸತ್ಯ. ಪಾತ್ ಬಲಕ್ಕೆ ಬಂತು, ನಿಜ. ಫೇಸೂ ಜೊತೆಗೆ ತೆರೆದುಕೊಂಡಿತಲ್ಲ? ಪಾತ್‌ಗಿಂತ ಫೇಸ್ ಹೆಚ್ಚು ತೆರೆದರೆ ಸ್ಲೈಸ್ ಉಳಿದೇ ಉಳಿಯುತ್ತದೆ, ಈಗ ಇನ್ನಷ್ಟು ಬಲಕ್ಕೆ ಹೊರಟು.

ಡ್ರೈವರಿನಲ್ಲಿ ನಡೆಯುವುದು ಬೇರೆಯೇ. ಮೇಲ್ಮುಖ ಹೊಡೆಯಬೇಕೆಂದು ಚೆಂಡನ್ನು ಎಡಗಾಲಿನ ಹೆಬ್ಬೆರಳಿನಾಚೆ ಇಡುತ್ತಾರೆ. ಅಲ್ಲಿಗೆ ಕ್ಲಬ್ ಒಯ್ಯಲು ಬಲ ಭುಜ ಮುಂದೆ ಬರುತ್ತದೆ, ಭುಜಗಳ ಗೆರೆ ಎಡಕ್ಕೆ ತೆರೆಯುತ್ತದೆ, ಅದರ ಜೊತೆಗೆ ಚಕ್ರವೇ ಎಡಕ್ಕೆ ತಿರುಗುತ್ತದೆ. ಚೆಂಡು ಬಲಕ್ಕೆ ಬಾಗಿತೆಂದು ಮುಂದಿನ ಸಲ ಇನ್ನೂ ಎಡಕ್ಕೆ ಗುರಿ ಹಿಡಿಯುತ್ತಾರೆ, ಚೆಂಡು ಇನ್ನೂ ಮುಂದಕ್ಕೆ ಜಾರುತ್ತದೆ. ಎಡ ಹಿಮ್ಮಡಿಯ ಒಳಅಂಚಿಗೆ ನೇರವಾಗಿಡಿ, ಅರ್ಧ ಚೆಂಡು ಹೆಡ್ಡಿನ ಮೇಲ್ಭಾಗಕ್ಕಿಂತ ಎತ್ತರದಲ್ಲಿ ಕಾಣುವಷ್ಟು ಟೀ (ಚೆಂಡು ಕೂರಿಸುವ ಮೊಳೆ) ಏರಿಸಿ, ಕ್ಲಬ್ ಇಟ್ಟ ಮೇಲೆ ಭುಜಗಳನ್ನು ಇನ್ನೊಮ್ಮೆ ನೋಡಿಕೊಳ್ಳಿ.

ಹತ್ತಿರದ ಹೊಡೆತಗಳ ಕ್ಲಬ್ಬಾದ ವೆಡ್ಜಿನಲ್ಲಿ ಕಾಟ ಕೊಡುವುದು ಉಲ್ಟಾ ತಪ್ಪು. ಚಿಪ್ (ಕಿರು ಹೊಡೆತ) ಮಾಡಲು ಚೆಂಡನ್ನು ಬಲಗಾಲಿನ ಬಳಿ ಇಟ್ಟು ಕೈ ಮುಂದೆ ಒತ್ತುತ್ತಾರೆ. 10 ಡಿಗ್ರಿ ಬೌನ್ಸ್ (ತಳದ ಹಿಂಭಾಗ ಮುಂಚೂಣಿ ಅಂಚಿಗಿಂತ ಕೆಳಗಿಳಿದಿರುವ ಕೋನ) ಇರುವ ವೆಡ್ಜಿನ ಶಾಫ್ಟ್ 8 ಡಿಗ್ರಿ ಮುಂದಕ್ಕೆ ವಾಲಿದರೆ ಉಳಿಯುವ ಬೌನ್ಸ್ 2 ಡಿಗ್ರಿ. ತಳ ಜಾರಬೇಕಾದ ಕಡೆ ಮುಂಚೂಣಿ ಅಂಚು ನೆಲ ಅಗೆಯುತ್ತದೆ.

ಎಲ್ಲಕ್ಕಿಂತ ಮೋಸ ಮಾಡುವುದು ಪಾದಗಳು. ಎಡ ಹಿಮ್ಮಡಿ ಅಲ್ಲೇ ಇದ್ದರೂ ಬೆರಳುಗಳನ್ನು ಹೊರಕ್ಕೆ ತಿರುಗಿಸಿದರೆ ಚೆಂಡು ಹಿಂದೆ ಹೋದಂತೆ ಕಾಣುತ್ತದೆ. ಬಲಗಾಲನ್ನಷ್ಟೇ ಅಗಲಿಸಿದರೆ ಚೆಂಡು ಮುಂದೆ ಬಂದಂತೆ ಕಾಣುತ್ತದೆ. ಅದಕ್ಕೇ ಅಳತೆಯನ್ನು ಎದೆಮೂಳೆ ಮತ್ತು ಎಡ ಕಂಕುಳಿನಿಂದ ಹಿಡಿಯಿರಿ. ವೆಡ್ಜ್ ಎದೆಮೂಳೆಯ ನೇರಕ್ಕೆ, 7 ಐರನ್ ಅದಕ್ಕಿಂತ ಅರ್ಧ-ಮುಕ್ಕಾಲು ಚೆಂಡು ಎಡಕ್ಕೆ, ಡ್ರೈವರ್ ಎಡ ಕಂಕುಳಿನ ಕೆಳಗೆ. ವೆಡ್ಜಿನಿಂದ 5 ಐರನ್ ತನಕ ಒಂದೂವರೆ ಚೆಂಡಿಗಿಂತ ಹೆಚ್ಚು ವ್ಯತ್ಯಾಸ ನನಗೆ ಒಪ್ಪಿಗೆಯಿಲ್ಲ. ನಿಂತಲ್ಲಿಂದ ಕಣ್ಣಳತೆಯನ್ನು ನಂಬಬೇಡಿ. ಒಂದು ಕೋಲು ಬೆರಳುಗಳ ಮುಂದೆ ಗುರಿಯ ಕಡೆಗೆ, ಇನ್ನೊಂದು ಅದಕ್ಕೆ ಅಡ್ಡಲಾಗಿ, ಚೆಂಡಿನ ನೇರದಿಂದ ಕಾಲುಗಳ ನಡುವೆ ಬರುವಂತೆ ಇಡಿ.

ತಪ್ಪು ಚೆಂಡಿನ ಜಾಗದ್ದೋ ಸ್ವಿಂಗಿನದ್ದೋ ತಿಳಿಯಲು ಚೆಂಡಿಲ್ಲದೆ ಪರೀಕ್ಷೆ ಮಾಡಿ. ಹುಲ್ಲಿನ ಮೇಲೆ ಗುರಿಗೆ ಅಡ್ಡಲಾಗಿ ಉದ್ದ ಗೆರೆ ಎಳೆದು, ಗೆರೆ ಎದೆಮೂಳೆಯ ನೇರಕ್ಕೆ ಬರುವಂತೆ ನಿಂತು, ಗೆರೆಯುದ್ದಕ್ಕೂ ಸರಿಯುತ್ತಾ 7 ಐರನ್‌ನಲ್ಲಿ 10 ಸ್ವಿಂಗ್ ಮಾಡಿ. ಡಿವಟ್‌ಗಳು (ಕ್ಲಬ್ ಹುಲ್ಲು ಕಿತ್ತ ಗುರುತುಗಳು) ಎಲ್ಲಿ ಶುರುವಾಗಿವೆ ನೋಡಿ. ಎಲ್ಲವೂ ಎರಡು ಬೆರಳಿನ ಅಗಲದೊಳಗೆ ಶುರುವಾಗಿದ್ದರೆ ಸ್ವಿಂಗ್ ಮುಟ್ಟಬೇಡಿ. ಆ ಗುಂಪಿನ ತುಸು ಹಿಂದೆ ಚೆಂಡಿಟ್ಟು ಐದು ಹೊಡೆಯಿರಿ, ಬೇಕಿದ್ದರೆ ಅರ್ಧರ್ಧ ಚೆಂಡಿನಷ್ಟು ಸರಿಸಿ. ಒಂದು ಗೇಣಿನಷ್ಟು ಚದುರಿದ್ದರೆ ಚೆಂಡನ್ನು ಎಲ್ಲಿಟ್ಟರೂ ಉಪಯೋಗವಿಲ್ಲ. ಇಳಿಯುವಾಗ ದೇಹದ ಭಾರ ಬಲಗಾಲಿನಲ್ಲೇ ಉಳಿಯುತ್ತಿದೆಯೇ ಅನ್ನುವುದನ್ನು ಮೊದಲು ನೋಡಬೇಕು.