ಹೊಂಗೆ ಎಣ್ಣೆಯನ್ನು ಹಾಗೇ ಸುರಿಯಬೇಡಿ
ಚಿತ್ರದುರ್ಗದ ಕಡೆ ಗಾಣದ ಹೊಂಗೆ ಎಣ್ಣೆಯನ್ನೇ ಸೋಸಿ ಪಂಪ್‌ಸೆಟ್ ಎಂಜಿನ್ನಿಗೆ ಹಾಕಬಹುದು ಎಂದು ನಾನು ಓದಿದ ಒಂದು ಲೇಖನ ಹೇಳುತ್ತದೆ. ದಯವಿಟ್ಟು ಬೇಡ. ಹಸಿ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಎಂಜಿನ್ನಿಗೆ ಇಂಧನ ಚಿಮ್ಮಿಸುವ ನಾಜಲ್‌ನಿಂದ ತುಂತುರಾಗಿ ಬರದೆ ಮಸಿ ಕಟ್ಟುತ್ತದೆ, ಪಿಸ್ಟನ್ ರಿಂಗ್ ಅಂಟಿಕೊಳ್ಳುತ್ತದೆ.

ಎಂಜಿನ್ನಿಗೆ ಹಾಕುವುದಾದರೆ ಎಣ್ಣೆಯನ್ನು ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್) ಮತ್ತು ಕಾಸ್ಟಿಕ್ ಸೋಡಾ ಬಳಸಿ ತೆಳುವಾದ ಬಯೋಡೀಸೆಲ್ ಮಾಡಿಕೊಳ್ಳಬೇಕು; ಆಗ ಗ್ಲಿಸರಿನ್ ಬೇರೆಯಾಗಿ ಕೆಳಗಿಳಿಯುತ್ತದೆ. ಅದಕ್ಕೂ ಮೊದಲು ಟೈಟ್ರೇಷನ್ (ಕ್ಷಾರವನ್ನು ಹನಿಹನಿಯಾಗಿ ಹಾಕಿ ಆಮ್ಲ ಅಳೆಯುವ ಪರೀಕ್ಷೆ) ಮಾಡಿ ಎಣ್ಣೆಯ ಆಮ್ಲಾಂಶ ನೋಡಲೇಬೇಕು. ಹಳೇ ಬೀಜದ ಎಣ್ಣೆಯಲ್ಲಿ ಅದು ಶೇ 2 ದಾಟಿದ್ದರೆ ಕಾಸ್ಟಿಕ್ ಸೋಡಾ ಹಾಕಿದೊಡನೆ ಸೋಪಾಗುತ್ತದೆ, ಗ್ಲಿಸರಿನ್ ಸರಿಯಾಗಿ ಬೇರೆಯಾಗುವುದಿಲ್ಲ. ಅಂಥದ್ದಕ್ಕೆ ಮುಂಚೆಯೇ ಗಂಧಕಾಮ್ಲ, ಮೆಥನಾಲ್ ಹಾಕಿ ಆಮ್ಲಾಂಶ ಇಳಿಸಿಕೊಳ್ಳಿ. ಆಮೇಲೆ ಕಾಸ್ಟಿಕ್ ಸೋಡಾ ಜತೆ ಲೀಟರ್ ಎಣ್ಣೆಗೆ 200 ಮಿ.ಲೀ. ಮೆಥನಾಲ್, ಬಿಸಿ 60 ಡಿಗ್ರಿ ಸೆಲ್ಸಿಯಸ್. 65ರ ಹತ್ತಿರ ಮೆಥನಾಲ್ ಕುದಿದು ಹೋಗುತ್ತದೆ, ಬೆಂಕಿಯ ಭಯ ಬೇರೆ. ತಯಾರಾದ ಬಯೋಡೀಸೆಲನ್ನು ನೀರಿನಿಂದ ತೊಳೆದ ಮೇಲೆ ನೀರಿನ ಪಸೆ ಪೂರ್ತಿ ಆರಬೇಕು.

ಎಂಜಿನ್ ಪರೀಕ್ಷೆಗೆ ಡೀಸೆಲ್ ಜತೆ ಶೇ 20 ಬಯೋಡೀಸೆಲ್ ಬೆರಕೆ ಸಾಕು. ಹಳೇ ಟ್ಯಾಂಕಿನ ಕೊಳೆಯನ್ನೆಲ್ಲ ಬಯೋಡೀಸೆಲ್ ಬಿಡಿಸುವುದರಿಂದ ಇನ್ನೊಂದು ಫಿಲ್ಟರ್ ಕೈಯಲ್ಲಿರಲಿ.