ಪರ-ವಿರೋಧ: ಬಿ.ಪಿ. 200 ದಾಟಿದರೆ ತಕ್ಷಣ ನರಕ್ಕೆ ಇಂಜೆಕ್ಷನ್ ಬೇಕಾ?

ಪರ

ಈ ಕಡೆ ನಿಂತು ಬರೆಯಿರಿ ಅಂದರು. ಎಲ್ಲರಿಗೂ ಇಂಜೆಕ್ಷನ್ ಬೇಕು ಅಂತ ನಾನೂ ಹೇಳುವುದಿಲ್ಲ. ಆದರೆ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ದುಡಿದವಳು ನಾನು. ಅಲ್ಲಿ 200 ಆಗುವವರೆಗೆ ಕಾಯುವ ಹಾಗೇ ಇಲ್ಲ. ಬಸುರಿಗೆ 160/110 ಬಂದು ಹಾಗೇ ನಿಂತರೆ ಒಂದು ಗಂಟೆಯೊಳಗೆ ಔಷಧಿ ಶುರುವಾಗಲೇಬೇಕು. ಲ್ಯಾಬೆಟಲಾಲ್ 20 ಮಿಲಿಗ್ರಾಂ, ನಿಧಾನವಾಗಿ ನರಕ್ಕೆ. ಹತ್ತು ನಿಮಿಷ ಬಿಟ್ಟು ಮತ್ತೆ ಬಿ.ಪಿ. ನೋಡುತ್ತೇವೆ. ಇಳಿಯದಿದ್ದರೆ 40, ಆಮೇಲೆ 80. ತಡವಾದರೆ ಫಿಟ್ಸ್ ಬರಬಹುದು, ಮೆದುಳಲ್ಲಿ ರಕ್ತಸ್ರಾವ ಆಗಬಹುದು. ಶ್ವಾಸಕೋಶದಲ್ಲಿ ನೀರು ತುಂಬಿ ಏದುಸಿರು ಬಿಡುತ್ತಾ ಬಂದವರದ್ದೂ ಇದೇ ಕಥೆ. ಅವರಿಗೆ ಮಾತ್ರೆ ನುಂಗಿಸಿ ಕಾಯುತ್ತಾ ಕೂರಲು ಆಗುತ್ತದಾ?

ವಿರೋಧ

ಬಸುರಿಯರ ಮಾತು ಬೇರೆ, ಅದನ್ನು ಇಲ್ಲಿಗೆ ತಂದಿದ್ದೇ ಸರಿಯಲ್ಲ. ನಾನು ಹೇಳುವುದು ನಮ್ಮಪ್ಪನಂಥವರ ವಿಷಯ.

ಅಪ್ಪ ಹಲ್ಲು ಕೀಳಿಸಲು ಹೋಗಿದ್ದರು. ಅಲ್ಲಿ ನೋಡಿದರೆ ಬಿ.ಪಿ. 210/110. ತಲೆನೋವಿಲ್ಲ, ಎದೆನೋವಿಲ್ಲ, ಕಣ್ಣು ಮಂಜಾಗಿರಲಿಲ್ಲ. ಪಕ್ಕದ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಎಲ್ಲರಿಗೂ ಗಾಬರಿ, ಸೂಜಿ ಚುಚ್ಚಿಯೇ ಬಿಟ್ಟರು. ಅರ್ಧ ಗಂಟೆಯಲ್ಲಿ 120ಕ್ಕೆ ಇಳಿಯಿತು. ನರ್ಸ್ ನಗುತ್ತಾ 'ನಾರ್ಮಲ್ ಆಯ್ತು' ಅಂದರು. ಅಪ್ಪ ಎದ್ದು ಚಪ್ಪಲಿ ಹಾಕಿಕೊಳ್ಳಲು ಹೋದರು. ಬಲಗಾಲು ಚಪ್ಪಲಿಯೊಳಗೆ ಹೋಗಲೇ ಇಲ್ಲ. ಮಾತು ತೊದಲಿತು.

ವರ್ಷಗಟ್ಟಲೆ ಬಿ.ಪಿ. ಜಾಸ್ತಿ ಇದ್ದವರ ಮೆದುಳು ಆ ಒತ್ತಡಕ್ಕೇ ಒಗ್ಗಿಹೋಗಿರುತ್ತದೆ. ಒಮ್ಮೆಲೇ ಇಳಿಸಿದರೆ ಅದಕ್ಕೆ ರಕ್ತ ಸಾಲದು. ಅದಕ್ಕೇ, ನಿಜವಾದ ತುರ್ತಿನಲ್ಲೂ ಹೆಚ್ಚಿನವರಿಗೆ ಮೊದಲ ಗಂಟೆಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಇಳಿಸಬಾರದು ಅಂತ ವೈದ್ಯರ ನಿಯಮವೇ ಇದೆ. ಆಮೇಲಿನ 2ರಿಂದ 6 ಗಂಟೆಯಲ್ಲಿ 160/100ರ ಹತ್ತಿರ ತಂದರೆ ಸಾಕು. ಹಿಂದೆ ಬಿ.ಪಿ. ಬೇಗ ಇಳಿಸಲು ನಿಫೆಡಿಪಿನ್ ಅನ್ನುವ ಔಷಧಿಯ ಕ್ಯಾಪ್ಸೂಲ್ ಚುಚ್ಚಿ ನಾಲಿಗೆ ಕೆಳಗೆ ಹಿಂಡುತ್ತಿದ್ದರು. ಹೀಗೇ ದಿಢೀರ್ ಇಳಿದು ಲಕ್ವ, ಹೃದಯಾಘಾತ ಆಗುತ್ತಿವೆ ಅಂತ 1996ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯೊಂದರಲ್ಲೇ ಎಚ್ಚರಿಸಿದ್ದರು.

ಮಿದುಳು, ಹೃದಯ, ಕಿಡ್ನಿ, ಕಣ್ಣಿಗೆ ಪೆಟ್ಟು ಬೀಳುತ್ತಿದೆಯಾ? ಮೊದಲು ಅದನ್ನು ನೋಡಬೇಕು. ಇಲ್ಲ ಅಂದರೆ ಸುಮ್ನೆ ಕೂರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆಯಿರಿ. ಮಾತ್ರೆ ಕೊಡಿ, ಕೆಲವು ದಿನಗಳಲ್ಲಿ ಮತ್ತೆ ಬರಲು ಹೇಳಿ. ಮಿಷನ್ ತೋರಿಸಿದ ನಂಬರಿಗೆ ಯಾಕೆ ಸೂಜಿ ಚುಚ್ಚುತ್ತೀರಿ?

ಅಪ್ಪ ಬಿ.ಪಿ. ಮಾತ್ರೆ ನಿಲ್ಲಿಸಿ ಎರಡು ತಿಂಗಳಾಗಿತ್ತು. ಅವತ್ತು ಯಾರೂ ಅದನ್ನು ಕೇಳಲೇ ಇಲ್ಲ.