ಬೀಗ ಹಾಕಿದ ಫೋನು

ನಮ್ಮ ಮನೆಯ ಕಪ್ಪು ಫೋನಿಗೆ ಅಪ್ಪ ಬೀಗ ಹಾಕಿಡುತ್ತಿದ್ದರು. ಡಯಲ್ಲಿನ ತೂತಿಗೆ ಸಿಕ್ಕಿಸುವ ಪುಟ್ಟ ಬೀಗ. ಫೋನ್ ಬಂದರೆ ಮಾತಾಡಬಹುದು, ನಾವಾಗಿ ಮಾಡುವ ಹಾಗಿಲ್ಲ. ರಿಸೀವರ್ ಇಡುವ ಕಡೆಯ ಗುಂಡಿಯನ್ನು ಮೂರು ಸಲ ಟಕಟಕ ಒತ್ತಿದರೆ 3 ತಿರುಗಿಸಿದ ಹಾಗೇ ಅಂತ ಕ್ಲಾಸಿನ ಹುಡುಗನೊಬ್ಬ ಹೇಳಿಕೊಟ್ಟ. ಮಧ್ಯಾಹ್ನ ಅಮ್ಮ ಮಲಗಿದ್ದಾಗ ಒತ್ತಿದೆ. ನಾಲ್ಕೈದು ಸಲ ತಪ್ಪಿತು. ಆಮೇಲೆ ರಿಂಗ್ ಆಯಿತು! ಯಾರೋ ಹಲೋ ಅಂದರು. ಇಟ್ಟುಬಿಟ್ಟೆ. ನನಗೆ ಮಾತಾಡುವುದು ಏನೂ ಇರಲಿಲ್ಲ. ಎದೆ ಮಾತ್ರ ಡವಡವ. ಅವತ್ತಿನಿಂದ ದಿನಾ ಅದೇ ಕೆಲಸ.

ಹ್ಯಾಕರ್‌ಗಳೆಲ್ಲ ದುಡ್ಡಿಗೋಸ್ಕರ ಮಾಡುತ್ತಾರೆ ಅಂತ ಯಾರಾದರೂ ಅಂದಾಗ ಇದು ನೆನಪಾಗುತ್ತದೆ. ಒಟಿಪಿ ಕೇಳಿ ಅಕೌಂಟ್ ಗುಡಿಸುವವರ ಮಾತು ಬಿಡಿ, ಅವರು ಬರೀ ಕಳ್ಳರು. ಅಮೆರಿಕದ ಹ್ಯಾಕರ್ ಕೆವಿನ್ ಮಿಟ್ನಿಕ್ ತರದವರ ಕತೆ ಬೇರೆ. ಲಾಸ್ ಏಂಜಲೀಸ್‌ನ ಹುಡುಗ. 12ನೇ ವಯಸ್ಸಿಗೆ ಬಸ್ ಟಿಕೆಟ್‌ಗೆ ತೂತು ಹೊಡೆಯುವ ಪಂಚ್ ಎಲ್ಲಿ ಸಿಗುತ್ತದೆ ಅಂತ ಡ್ರೈವರನ್ನೇ ಕೇಳಿದ, ಸ್ಕೂಲ್ ಪ್ರಾಜೆಕ್ಟ್‌ಗೆ ಬೇಕು ಅಂತ ಸುಳ್ಳು ಹೇಳಿ. ಖಾಲಿ ಟಿಕೆಟ್ ಪುಸ್ತಕಗಳು ಡಿಪೋದ ಕಸದ ತೊಟ್ಟಿಯಲ್ಲೇ ಸಿಕ್ಕವು. ಆಮೇಲೆ ಊರೆಲ್ಲ ಪುಕ್ಕಟೆ ಸುತ್ತಾಟ.

ದೊಡ್ಡವನಾದ ಮೇಲೆ ದೊಡ್ಡ ದೊಡ್ಡ ಕಂಪನಿಗಳ ಸೋರ್ಸ್ ಕೋಡ್, ಅಂದರೆ ಅವರ ಸಾಫ್ಟ್‌ವೇರಿನ ಮೂಲ ಬರಹ, ನಕಲು ಮಾಡಿಕೊಂಡ. ಮಾರಲಿಲ್ಲ. ಸುಮ್ನೆ ಇಟ್ಟುಕೊಂಡ, ಗೆದ್ದ ಕಪ್ ಇಟ್ಟುಕೊಂಡ ಹಾಗೆ. 1995ರಲ್ಲಿ ಸಿಕ್ಕಿಬಿದ್ದು ಸುಮಾರು 5 ವರ್ಷ ಜೈಲಲ್ಲಿದ್ದ. ಅದಕ್ಕೂ ಮುಂಚಿನ ಒಂದು ಕೇಸಿನಲ್ಲಿ, ಫೋನಿನಲ್ಲಿ ಶಿಳ್ಳೆ ಹೊಡೆದು ಅಣ್ವಸ್ತ್ರ ಹಾರಿಸಿಬಿಡುತ್ತಾನೆ ಅಂತ ಸರ್ಕಾರಿ ವಕೀಲರು ಜಡ್ಜ್ ಮುಂದೆ ವಾದಿಸಿದ್ದರಂತೆ. ಇದನ್ನು ಅವನೇ ಹೇಳಿಕೊಳ್ಳುತ್ತಿದ್ದ, ಸ್ವಲ್ಪ ಜಂಬದಿಂದಲೇ.

ಆ ಜಂಬವೇ ನನಗೆ ಇರುಸುಮುರುಸು. ಬರೀ ಕುತೂಹಲ ಅಂದರೆ ಅರ್ಧ ಸತ್ಯ ಅಷ್ಟೇ. ಮಿಟ್ನಿಕ್ ಮುರಿದದ್ದು ಯಂತ್ರಕ್ಕಿಂತ ಜಾಸ್ತಿ ಮನುಷ್ಯರನ್ನು. ನಿಮ್ಮ ಕಂಪನಿಯವನೇ ಅಂತ ಫೋನ್ ಮಾಡಿ, ನಯವಾಗಿ ಮಾತಾಡಿ, ಬೇಕಾದ್ದನ್ನು ಕೇಳಿ ತಗೊಳ್ಳುತ್ತಿದ್ದ. ಎದುರಿನವರು ಮೋಸ ಹೋದರು ಅನ್ನುವ ಖುಷಿಯೂ ಆ ಡವಡವದಲ್ಲಿ ಬೆರೆತಿರುತ್ತದೆ ಅಲ್ವಾ? ಮಾರನೆಯ ದಿನ ಬೈಸಿಕೊಂಡ ಆ ಗುಮಾಸ್ತರ ಹೆಸರು ಯಾರಿಗೂ ನೆನಪಿಲ್ಲ.

ನಮ್ಮ ಮನೆಯಲ್ಲಿ ಬೈಸಿಕೊಂಡದ್ದು ಅಮ್ಮ. ಬಿಲ್ ಏರಿತ್ತು. ಬೀಗದ ಕೈ ಎಲ್ಲಿದೆ ಅಂತ ಅಪ್ಪನನ್ನು ಬಿಟ್ಟರೆ ಗೊತ್ತಿದ್ದದ್ದು ಅವಳಿಗೊಬ್ಬಳಿಗೇ. ನಾನು ಹೋಂವರ್ಕ್ ಬರೆಯುತ್ತಾ ಕೂತಿದ್ದೆ, ತಲೆ ಎತ್ತಲಿಲ್ಲ.

ಹೋದ ವರ್ಷ ಅವಳ ಮುಂದೆ ಒಪ್ಪಿಕೊಂಡೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಕೇಳಿದಳು, ‘ಸರಿ, ಸೊನ್ನೆಗೆ ಎಷ್ಟು ಸಲ ಒತ್ತಬೇಕಿತ್ತು?’

ಹತ್ತು ಸಲ ಅಂದೆ.